ಋಷಿಋಣವೂ ಕಡಲಾಚೆಯ ಓದೂ

ಋಣ ಎಂಬ ಮಾತನ್ನು ಕನ್ನಡಿಗರು ಎರಡು ಜಾಗದಲ್ಲಿ ಆಡುತ್ತಾರೆ: ದೇವರ ಮನೆಯಲ್ಲಿ ಮತ್ತು ತಾಲ್ಲೂಕು ಕಚೇರಿಯಲ್ಲಿ. ಪಹಣಿಯ 11ನೆಯ ಕಲಂ ಹಕ್ಕುಗಳಿಗೂ ಋಣಗಳಿಗೂ ಮೀಸಲು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತರುವ ಇ.ಸಿ.ಗೆ ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ ಎಂದು ಹೆಸರು. ಕಡೂರಿನ ತೆಂಗಿನ ತೋಟದವರಾಗಲಿ, ತರೀಕೆರೆಯ ಅಡಿಕೆಯವರಾಗಲಿ, ಅಜ್ಜಂಪುರದ ಈರುಳ್ಳಿ ಬೆಳೆಯುವವರಾಗಲಿ, ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳಿಸುವ ವರ್ಷ ಈ ಕಾಗದಗಳನ್ನು ಹಿಡಿದು ಓಡಾಡುತ್ತಾರೆ. ತೋಟದ ಪಹಣಿಯಲ್ಲಿ ಸಹಕಾರ ಸಂಘದ ಬೆಳೆಸಾಲ ಮೊದಲೇ ಕೂತಿರುತ್ತದೆ. ಓದಿನ ಸಾಲ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಧಾರ ಕೇಳುತ್ತದೆ. ಕೃಷಿ ಜಮೀನು ಬೇಡ, ಮನೆಯೋ ಸೈಟೋ ಠೇವಣಿಯೋ ಇದ್ದರೆ ತನ್ನಿ ಎನ್ನುವ ಬ್ಯಾಂಕುಗಳೇ ಹೆಚ್ಚು. ಹೀಗೆ ಒಂದೇ ಮನೆತನದ ಎರಡು ಕಾಗದಗಳಲ್ಲಿ ಎರಡು ಋಣ ದಾಖಲಾಗುತ್ತವೆ. ಕಂತು ಕಟ್ಟಿ ಮುಗಿಸಿದರೆ ಎರಡೂ ಅಳಿಯುತ್ತವೆ.

ಆದರೆ ವಿದ್ಯೆಯ ವಿಷಯದಲ್ಲಿ ಇನ್ನೊಂದು ಋಣವುಂಟೆಂದು ವೈದಿಕ ಪರಂಪರೆ ಹೇಳುತ್ತದೆ. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣ ಹೊತ್ತು ಹುಟ್ಟುತ್ತಾನೆ. ಋಷಿಗಳ ಋಣ ಬ್ರಹ್ಮಚರ್ಯದಿಂದ, ಅಂದರೆ ಅಧ್ಯಯನದಿಂದ ತೀರಬೇಕು, ದೇವತೆಗಳದು ಯಜ್ಞದಿಂದ, ಪಿತೃಗಳದು ಸಂತಾನದಿಂದ. ಇಲ್ಲಿ ಸಾಲಕ್ಕೂ ಋಣಕ್ಕೂ ಇರುವ ಅಂತರವನ್ನು ಗಮನಿಸಬೇಕು. ಸಾಲವನ್ನು ಯಾರು ಕೊಟ್ಟರೋ ಅವರಿಗೇ ಹಿಂದಿರುಗಿಸಬೇಕು. ಋಷಿಋಣ ಹಾಗಲ್ಲ. ಪಡೆದದ್ದು ಹಿಂದಿನವರಿಂದ, ಕೊಡುವುದು ಮುಂದಿನವರಿಗೆ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರುಕುಲ ಬಿಟ್ಟು ಹೊರಡುವ ಶಿಷ್ಯನಿಗೆ ಆಚಾರ್ಯನು ಹೇಳುವ ಮಾತುಗಳಲ್ಲಿ ಸ್ವಾಧ್ಯಾಯದ ಜೊತೆಗೇ ಪ್ರವಚನವೂ ಬರುತ್ತದೆ: ಓದುವುದನ್ನೂ ಬಿಡಬಾರದು, ಕಲಿಸುವುದನ್ನೂ ಬಿಡಬಾರದು. ಎಲ್ಲಿದ್ದುಕೊಂಡು ಕಲಿಸಬೇಕು ಎಂಬ ಮಾತೇ ಅಲ್ಲಿಲ್ಲ.

ಹಾಗಾದರೆ ಒಂದು ದೇಶದ ಅನ್ನ ಉಂಡು ಬೆಳೆದವನು ಇನ್ನೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಕಲಿತು, ಮೂರನೆಯ ದೇಶದಲ್ಲಿ ಕಲಿಸಿದರೆ ಋಣ ತೀರಿತೆ? ಎರಡು ದೇಶಗಳ ನಡುವಿನ ಉನ್ನತ ಶಿಕ್ಷಣದ ಒಪ್ಪಂದಗಳೆಲ್ಲದರ ಅಡಿಯಲ್ಲಿ ಈ ಪ್ರಶ್ನೆ ಕೂತಿದೆ. ಒಪ್ಪಂದಗಳ ಭಾಷೆಯಲ್ಲಿ ಹೀಗೆ ಹೊರಗೆ ಹೋಗುವುದಕ್ಕೆ ಪ್ರತಿಭಾ ವಿಕಾಸ ಎಂದು ಹೆಸರು. ಪತ್ರಿಕೆಗಳ ಕನ್ನಡದಲ್ಲಿ ಪ್ರತಿಭಾ ಪಲಾಯನ. ಎರಡನೆಯ ಮಾತಿನಲ್ಲಿ ಓಡಿಹೋದವನೆಂಬ ಆರೋಪ ಮೊದಲೇ ಸೇರಿಕೊಂಡಿದೆ.

ಋಣವನ್ನು ಯಾರು ಹೊತ್ತಿದ್ದಾರೆ ಎಂಬ ಬಗ್ಗೆ ಶಾಸ್ತ್ರಕಾರರಲ್ಲೇ ಒಮ್ಮತವಿಲ್ಲ. ಮೂರು ಋಣ ತೀರಿಸಿದ ಮೇಲೆಯೇ ಮನಸ್ಸನ್ನು ಮೋಕ್ಷದ ಕಡೆ ತಿರುಗಿಸಬೇಕು ಎಂಬುದು ಮನುಸ್ಮೃತಿಯ ವಿಧಿ. ಶಂಕರರು ಇದನ್ನು ಹಾಗೆಯೇ ಒಪ್ಪಲಿಲ್ಲ. ಐತರೇಯ ಉಪನಿಷತ್ತಿನ ಭಾಷ್ಯದ ಪೀಠಿಕೆಯಲ್ಲಿ ಅವರ ವಾದ ಚುರುಕಾಗಿದೆ: ಅಧಿಕಾರವನ್ನೇ ಏರದವನು ಋಣಿಯಾಗುವುದಾದರೆ ಎಲ್ಲರೂ ಎಲ್ಲಕ್ಕೂ ಋಣಿಗಳಾಗಬೇಕಾದೀತು, ಗೃಹಸ್ಥನಾಗುವ ಮೊದಲು ಋಣವೆಂಬುದು ಅಂಟುವುದಿಲ್ಲ. ಸಂನ್ಯಾಸಿಗೆ ಇದರಿಂದ ಬಿಡುಗಡೆ ಸಿಕ್ಕಿತು. ಬರ್ಮಿಂಗ್‌ಹ್ಯಾಮಿಗೋ ಬರ್ಲಿನ್ನಿಗೋ ಹೊರಟ ಇಪ್ಪತ್ತಮೂರರ ಹುಡುಗಿಗೆ ಸಿಗಲಿಲ್ಲ. ಅವಳು ಹೊರಡುವುದು ಸಂಸಾರವನ್ನು ಕಟ್ಟಿಕೊಳ್ಳಲು, ಬಿಡಲು ಅಲ್ಲ.

ಶತಪಥ ಬ್ರಾಹ್ಮಣ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಾಲ್ಕನೆಯ ಋಣವನ್ನು ಸೇರಿಸುತ್ತದೆ: ಮನುಷ್ಯರ ಋಣ. ಬಂದವರಿಗೆ ಇರಲು ಜಾಗ, ತಿನ್ನಲು ಅನ್ನ ಕೊಟ್ಟರೆ ಅದು ತೀರುತ್ತದೆ. ನಾಲ್ಕರಲ್ಲಿ ಜನ ಮರೆತದ್ದು ಇದನ್ನೇ. ಆದರೆ ವಿದ್ಯೆಯ ಇತಿಹಾಸ ನೋಡಿದರೆ ಉಳಿದ ಮೂರಕ್ಕೂ ಇದೇ ತಳಪಾಯ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು. ಇಂಥ ದೇವಾಲಯಗಳೂ ಅಗ್ರಹಾರಗಳೂ ನಡೆಯುತ್ತಿದ್ದದ್ದು ದತ್ತಿ ಭೂಮಿಯ ಆದಾಯದಿಂದ. ಉತ್ತರದ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ನಾಲ್ಕು ವೇದ, ಹಲವು ವ್ಯಾಕರಣ, ಷಡ್ದರ್ಶನ, ಪುರಾಣ, ನಾಟಕಗಳನ್ನು ಅಲ್ಲಿ ಕಲಿಸುತ್ತಿದ್ದುದನ್ನು ವರ್ಣಿಸುತ್ತದೆ. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಅದೇ ಉಸಿರಿನಲ್ಲಿ ಹೇಳುತ್ತದೆ. ಪಾಠಕ್ಕೆ ಕೂತ ವಿದ್ಯಾರ್ಥಿಯ ತಟ್ಟೆಗೆ ಬಿದ್ದದ್ದು ಯಾರದೋ ಗದ್ದೆಯ ಭತ್ತ. ಆ ರೈತನ ಹೆಸರು ಶಾಸನದಲ್ಲಿ ಬರುವುದು ಅಪರೂಪ. ಗದ್ದೆಯ ಎಲ್ಲೆಕಟ್ಟು ಮಾತ್ರ ನಾಲ್ಕೂ ದಿಕ್ಕಿನಿಂದ ತಪ್ಪದೆ ಬರುತ್ತದೆ.

ಜೈನರು ಇದನ್ನು ದಾನದ ಭಾಷೆಯಲ್ಲಿ ಹೇಳಿದರು. ಆಹಾರ, ಅಭಯ, ಭೈಷಜ್ಯಗಳ ಸಾಲಿನಲ್ಲಿ ಶಾಸ್ತ್ರದಾನವೂ ಒಂದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ಹೆಸರು ಕನ್ನಡ ಓದಿದವರಿಗೆಲ್ಲ ಗೊತ್ತು.

ವಿದ್ಯೆಗಾಗಿ ಕಡಲು ದಾಟಬಹುದೆ ಎಂಬುದು ಈ ನಾಡಿನಲ್ಲಿ ಬಹುಕಾಲ ಶುದ್ಧ ಧರ್ಮಪ್ರಶ್ನೆಯಾಗಿತ್ತು. ಬೌಧಾಯನ ಧರ್ಮಸೂತ್ರ ಅದನ್ನು ಎರಡು ಕಡೆ ಎತ್ತುತ್ತದೆ. ಉತ್ತರದವರಿಗೂ ದಕ್ಷಿಣದವರಿಗೂ ವಿಶಿಷ್ಟವಾದ ಐದೈದು ಆಚಾರಗಳನ್ನು ಪಟ್ಟಿ ಮಾಡುವಾಗ ಸಮುದ್ರಯಾನ ಉತ್ತರದವರ ಪಟ್ಟಿಯಲ್ಲಿದೆ. ದಕ್ಷಿಣದವರ ಪಟ್ಟಿಯಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು ಇದೆ. ಮುಂದೆ ಪತನಕ್ಕೆ ಕಾರಣವಾಗುವ ಕೆಲಸಗಳನ್ನು ಹೇಳುವಾಗ ಸಮುದ್ರಯಾನವೇ ಮೊದಲನೆಯದು. ಪ್ರಾಯಶ್ಚಿತ್ತ ಮೂರು ವರ್ಷದ್ದು. ಕಲಿಯುಗದಲ್ಲಿ ಬಿಡಬೇಕಾದ ಆಚಾರಗಳ, ಅಂದರೆ ಕಲಿವರ್ಜ್ಯಗಳ ಪಟ್ಟಿಗೂ ಅದು ಸೇರಿತು. ಸೋದರಮಾವನ ಮಗಳ ಸಂಬಂಧವನ್ನು ಕರ್ನಾಟಕದ ಮನೆಗಳು ಯಾರ ಅಪ್ಪಣೆಗೂ ಕಾಯದೆ ನಡೆಸಿಕೊಂಡು ಬಂದವು. ಕಡಲಿನ ವಿಷಯದಲ್ಲಿ ಮಾತ್ರ ಸೂತ್ರ ನೆನಪಾಯಿತು. ಅದೂ ಎಲ್ಲರಿಗಲ್ಲ. ಅಯ್ಯಾವೊಳೆಯ ಐನೂರ್ವರಂಥ ವರ್ತಕರು ನೆಲದ ಮೇಲೂ ನೀರಿನ ಮೇಲೂ ನಾನಾ ದೇಶ ಸುತ್ತಿದ್ದನ್ನು ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. ಮೆಣಸಿನ ಮೂಟೆ ಕಡಲು ದಾಟಬಹುದಿತ್ತು. ವೇದ ಓದಿದವನು ದಾಟುವಂತಿರಲಿಲ್ಲ.

ಬ್ರಿಟನ್ನಿನ ಸಂಬಂಧ ಬಂದ ಮೇಲೆ ಈ ನಿಷೇಧಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಯನ್ನು ಮುಂಬಯಿಯಲ್ಲಿ ಅವರ ಜಾತಿಯ ಮುಖಂಡರು ಬಹಿಷ್ಕರಿಸಿದರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೋದ ಜೈಪುರದ ಮಹಾರಾಜ ಮಾಧೋಸಿಂಗ್ ಬೃಹತ್ ಬೆಳ್ಳಿಯ ಕೊಡಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ದೊರೆಗೆ ಉಪಾಯವಿತ್ತು, ಬಡ ಗುಮಾಸ್ತನಿಗೆ ಇರಲಿಲ್ಲ. ಶ್ರೀನಿವಾಸ ರಾಮಾನುಜನ್ ಕೇಂಬ್ರಿಜ್‌ಗೆ ಹೋಗುವ ಪ್ರಸ್ತಾಪ ಬಂದಾಗ ತಾಯಿ ಮೊದಲು ಒಪ್ಪಲಿಲ್ಲ. ನಾಮಗಿರಿ ದೇವಿ ಕನಸಿನಲ್ಲಿ ಅಪ್ಪಣೆ ಕೊಟ್ಟಳು ಎಂದಾದ ಮೇಲೆ ದಾರಿ ತೆರೆಯಿತು. ಮದ್ರಾಸ್ ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವೇತನ ಮಂಜೂರು ಮಾಡಿತು, ಟ್ರಿನಿಟಿ ಕಾಲೇಜು ತನ್ನ ಪಾಲು ಸೇರಿಸಿತು. ಎರಡು ದೇಶಗಳ ವಿದ್ಯಾಸಂಸ್ಥೆಗಳು ಕೂಡಿ ಒಬ್ಬನ ಪ್ರತಿಭೆಯನ್ನು ಬೆಳೆಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1914ರ ಮಾರ್ಚ್ 17ರಂದು ಹಡಗು ಹತ್ತಿದ ರಾಮಾನುಜನ್ 1918ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು, 1919ರಲ್ಲಿ ಕಾಯಿಲೆ ಹೊತ್ತು ಮರಳಿದರು. 1920ರ ಏಪ್ರಿಲ್ 26ರಂದು ಅವರು ತೀರಿಕೊಂಡಾಗ, ಕಡಲು ದಾಟಿ ಬಂದು ಪ್ರಾಯಶ್ಚಿತ್ತ ಮಾಡಿಕೊಳ್ಳದವರೆಂಬ ಕಾರಣಕ್ಕೆ ಸಂಪ್ರದಾಯಸ್ಥ ಬಂಧುಗಳಲ್ಲಿ ಹಲವರು ಅಂತ್ಯಕ್ರಿಯೆಯಿಂದ ದೂರ ಉಳಿದರು.

ಈ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ವಿದೇಶಯಾತ್ರೆ ಮಾಡಿದ್ದ ಪುತ್ತಿಗೆ ಮಠದ ಸುಗುಣೇಂದ್ರತೀರ್ಥರ 2008ರ ಪರ್ಯಾಯದ ಹೊತ್ತಿನಲ್ಲಿ, ಸಮುದ್ರ ದಾಟಿದ ಯತಿ ಉಡುಪಿಯ ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಅಷ್ಟಮಠಗಳೊಳಗೇ ಎದ್ದಿತು. ಗೃಹಸ್ಥರ ಮಟ್ಟಿಗೆ ಮಾತ್ರ ನಿಷೇಧ ಸದ್ದಿಲ್ಲದೆ ಸತ್ತುಹೋಗಿದೆ. 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಸಿಕೊಳ್ಳುತ್ತಿದ್ದ, ಶೃಂಗೇರಿಯನ್ನು ಒಳಗೊಂಡ ಈ ಸೀಮೆಯಲ್ಲಿ ಇಂದು ವೀಸಾ ಬರಲೆಂದು ಹರಕೆ ಹೊರುತ್ತಾರೆ. ಹೊರಡುವ ದಿನ ಮೊಸರು ಸಕ್ಕರೆ ತಿನ್ನಿಸಿ, ಚಟ್ನಿಪುಡಿ, ಹುಳಿಪುಡಿ, ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟು, ಸೂಟ್‌ಕೇಸನ್ನು ಮನೆಯ ತಕ್ಕಡಿಯಲ್ಲಿ ತೂಗಿ, ಹೆಚ್ಚಾದ ಎರಡು ಕೆಜಿಗೆ ಏನನ್ನು ತೆಗೆಯಬೇಕೆಂದು ಚರ್ಚೆ ನಡೆಯುತ್ತದೆ. ಪುಸ್ತಕ ಹೊರಬರುತ್ತದೆ, ಹುಳಿಪುಡಿ ಒಳಗೇ ಉಳಿಯುತ್ತದೆ. ಪ್ರಾಯಶ್ಚಿತ್ತದ ಮಾತೇ ಇಲ್ಲ. ಆದರೆ ನಿಷೇಧ ಹೋದ ಜಾಗದಲ್ಲಿ ಋಣದ ಪ್ರಶ್ನೆ ಬಂದು ಕೂತಿತು. ಹಿಂದೆ ಹೋಗುವವನಿಗೆ ಮೈಲಿಗೆಯ ಭಯವಿತ್ತು. ಈಗ ಹೋದವನು ಬರಲಿಲ್ಲವಲ್ಲ ಎಂಬ ಕೊರಗು ಉಳಿದವರಿಗೆ.

ವಿದ್ಯೆ ಹೊರಗಿನಿಂದ ಒಳಗೆ ಬಂದದ್ದೂ ಇದೇ ಕಥೆಯ ಭಾಗ. 1893ರಲ್ಲಿ ವಿವೇಕಾನಂದರೂ ಜಮ್ಸೆಟ್‌ಜಿ ಟಾಟಾ ಅವರೂ ಜಪಾನಿನಿಂದ ಕೆನಡಾಕ್ಕೆ ಒಂದೇ ಹಡಗಿನಲ್ಲಿ ಹೋದರು. ಐದು ವರ್ಷದ ಮೇಲೆ ಟಾಟಾ ಅದನ್ನು ನೆನೆದು, ವಿಜ್ಞಾನ ಸಂಶೋಧನಾ ಸಂಸ್ಥೆಯೊಂದರ ಯೋಚನೆ ವಿವರಿಸಿ ವಿವೇಕಾನಂದರಿಗೆ ಪತ್ರ ಬರೆದರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ನೆಲೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ. ತರೀಕೆರೆಯ ಮೇಲಿನ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದಾಗ ಸಲಹೆಗೆ ಬಂದವರು ನ್ಯೂಯಾರ್ಕಿನ ಪೆರಿನ್. ಬಂದವರಿಗೆ ಇಲ್ಲಿಯ ಋಣ ಅಂಟಿತೇ ಎಂದು ಯಾರೂ ಕೇಳಲಿಲ್ಲ, ಸಂಬಳ ಕೊಟ್ಟಿದ್ದರು.

ಋಣವನ್ನು ಬರಹದಲ್ಲೇ ಹಿಡಿದಿಟ್ಟ ಪ್ರಸಂಗವೊಂದಿದೆ, ಈ ಚರ್ಚೆಗೆ ಅದೇ ಹೆಚ್ಚು ಬೆಳಕು ಕೊಡುತ್ತದೆ. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡ್ ಭೀಮರಾವ್ ಅಂಬೇಡ್ಕರ್ ಅವರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡ್‌ನಂತೆ ಮೂರು ವರ್ಷದ ವೇತನ ಕೊಟ್ಟರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು. ಅಂಬೇಡ್ಕರ್ ಮಾತು ತಪ್ಪಲಿಲ್ಲ. ಕೊಲಂಬಿಯಾ ಮುಗಿಸಿ, ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ, 1917ರಲ್ಲಿ ಬರೋಡಾಕ್ಕೆ ಹೋದರು. ಊರಿನಲ್ಲಿ ಅವರಿಗೆ ಇರಲು ಮನೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿಗಳ ಛತ್ರದಲ್ಲಿ ತಂಗಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಅಮೆರಿಕದಲ್ಲಿ ಬಾಡಿಗೆಗೆ ಸಿಕ್ಕ ಕೋಣೆ ಋಣ ತೀರಿಸಲು ಬಂದ ಊರಿನಲ್ಲಿ ಸಿಗಲಿಲ್ಲ.

ಶತಪಥದ ನಾಲ್ಕನೆಯ ಋಣವನ್ನು ಇಲ್ಲಿ ನೆನೆಯಬೇಕು. ಇರಲು ಜಾಗ, ಉಣ್ಣಲು ಅನ್ನ: ಮನುಷ್ಯರಿಗೆ ಸಲ್ಲಬೇಕಾದದ್ದು ಅಷ್ಟೇ. ಬರೋಡಾದ ಖಜಾನೆ ಕೊಟ್ಟದ್ದನ್ನು ಬರೋಡಾದ ಬೀದಿ ಕಿತ್ತುಕೊಂಡಿತು. ಹೋದವನು ಮರಳಬೇಕೆಂದು ಕೇಳುವ ಹಕ್ಕು, ಮರಳಿದವನಿಗೆ ಬಾಗಿಲು ತೆಗೆದ ಊರಿಗೆ ಮಾತ್ರ ಉಂಟು. ಋಣದ ಚರ್ಚೆಗಳಲ್ಲಿ ಈ ಅಂಶ ಎಷ್ಟು ಸಲೀಸಾಗಿ ಜಾರಿಹೋಗುತ್ತದೆಂದರೆ, ಋಣಿ ಯಾವಾಗಲೂ ವಿದ್ಯಾರ್ಥಿಯೇ, ಸಮಾಜ ಎಂದಿಗೂ ಸಾಲಗಾರನಲ್ಲ ಎಂಬ ಭಾವನೆ ಬಂದುಬಿಡುತ್ತದೆ. ಕಡಲಾಚೆಯ ಓದನ್ನು ಮೈಲಿಗೆ ಎಂದದ್ದೂ ಅದೇ ಸಮಾಜ.

ಇಪ್ಪತ್ತನೆಯ ಶತಮಾನದ ಅರ್ಥಶಾಸ್ತ್ರ ಈ ಋಣಕ್ಕೆ ಬೆಲೆ ಕಟ್ಟಲು ನೋಡಿತು. ಪ್ರತಿಭಾ ಪಲಾಯನಕ್ಕೆ ಮೂಲವಾದ ಇಂಗ್ಲಿಷ್ ಮಾತು ಹರಡಿದ್ದು 1963ರ ಸುಮಾರಿಗೆ, ಬ್ರಿಟನ್ನಿನ ವಿಜ್ಞಾನಿಗಳು ಅಮೆರಿಕಕ್ಕೆ ಹೋಗುತ್ತಿರುವ ಬಗ್ಗೆ ರಾಯಲ್ ಸೊಸೈಟಿ ವರದಿ ಕೊಟ್ಟಾಗ. ಅಂದರೆ ನಮ್ಮವರು ಯಾವ ದೇಶಕ್ಕೆ ಹೋಗುತ್ತಿದ್ದರೋ ಆ ದೇಶವೇ ತನ್ನವರು ಹೋದರೆಂದು ಅಳಲು ಹುಟ್ಟಿಸಿಕೊಂಡ ಮಾತು ಅದು. ಜಗದೀಶ್ ಭಗವತಿ 1972ರಲ್ಲಿ, ಹೊರದೇಶದಲ್ಲಿ ನೆಲೆಸಿದ ವೃತ್ತಿಪರರ ಆದಾಯದ ಮೇಲೆ ತೆರಿಗೆ ಹಾಕಿ ಆ ಹಣವನ್ನು ಬಡದೇಶಗಳ ಅಭಿವೃದ್ಧಿಗೆ ಬಳಸಬೇಕೆಂದು ಸೂಚಿಸಿದರು. ತರ್ಕ ಸರಿಯಾಗಿಯೇ ಇತ್ತು, ವಸೂಲಿ ಮಾಡುವವರಿರಲಿಲ್ಲ. ಒಂದು ತಾತ್ತ್ವಿಕ ಗೊಂದಲವೂ ಅದರಲ್ಲಿದೆ. ವಿದ್ಯೆ ಕೊಟ್ಟರೆ ಕಡಿಮೆಯಾಗುವ ಪದಾರ್ಥವಲ್ಲ ಎಂಬುದು ಹಳೆಯ ತಿಳಿವಳಿಕೆ. ಗಣಿತ ಕಲಿತವನು ಊರು ಬಿಟ್ಟರೆ ಊರಿನ ಗಣಿತವೇನೂ ಖಾಲಿಯಾಗದು. ಖಾಲಿಯಾಗುವುದು ಅವನ ಸಮಯ, ಸಂಜೆ ಹೊತ್ತು ಪಕ್ಕದ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡಬಹುದಾಗಿದ್ದ ಅವನ ಇರವು. ಕಳೆದುಕೊಂಡದ್ದು ವಿದ್ವಾಂಸನನ್ನು, ವಿದ್ಯೆಯನ್ನಲ್ಲ. ಎರಡನ್ನೂ ಪ್ರತಿಭೆ ಎಂಬ ಒಂದೇ ಚೀಲದಲ್ಲಿ ತುಂಬುವ ಒಪ್ಪಂದಗಳಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

2022ರ ಜುಲೈನಲ್ಲಿ ಭಾರತವೂ ಬ್ರಿಟನ್ನೂ ಪರಸ್ಪರರ ಪದವಿಗಳಿಗೆ ಮಾನ್ಯತೆ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಇದರಿಂದ ಇಲ್ಲಿ ಬೆಲೆ ಬಂತು. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ಫಾರ್ಮಸಿ ಮೊದಲಾದವು ಹೊರಗುಳಿದವು. ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಶಾಖೆ ತೆರೆಯಲು 2025ರಲ್ಲಿ ಅನುಮತಿ ಸಿಕ್ಕಿತು. ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿದವನು ಇನ್ನು ಯಶವಂತಪುರದಲ್ಲೇ ಇಳಿದು ಇಂಗ್ಲೆಂಡಿನ ಪದವಿ ಪಡೆಯಬಹುದು. ಕಡಲು ದಾಟುವ ಮೈಲಿಗೆಯ ಪ್ರಶ್ನೆ ಹೀಗೂ ಬಗೆಹರಿಯಿತು ಎನ್ನಬೇಕು.

ಊರಿನ ಮಾತಿನಲ್ಲಿ ಋಣಕ್ಕೆ ಶಾಸ್ತ್ರದಲ್ಲಿಲ್ಲದ ಇನ್ನೊಂದು ಅರ್ಥವಿದೆ. ಯಾರಾದರೂ ಊರು ಬಿಟ್ಟರೆ ಇಲ್ಲಿನ ಅನ್ನ ನೀರಿನ ಋಣ ತೀರಿತು ಎನ್ನುತ್ತಾರೆ. ವೇದದ ಋಣ ತೀರಿಸಬೇಕಾದದ್ದು, ಊರಿನ ಋಣ ತಾನಾಗಿ ತೀರಿಹೋಗುವುದು. ಒಂದು ಕರ್ತವ್ಯ, ಇನ್ನೊಂದು ಒಡನಾಟದ ಅವಧಿ. ಹೋದವನ ಮೇಲೆ ತಪ್ಪು ಹೊರಿಸದೆ ಬೀಳ್ಕೊಡುವ ಉದಾರತೆ ಈ ಎರಡನೆಯದರಲ್ಲಿದೆ. ಪಲಾಯನ ಎಂಬ ಮಾತಿಗಿಂತ ಇದು ಎಷ್ಟೋ ಮೇಲು.

ಶರಣರು ಋಣದ ಲೆಕ್ಕವನ್ನೇ ಬೇರೆ ಮಾಡಿದರು. ಕಾಯಕದಿಂದ ಬಂದದ್ದು ದಾಸೋಹದಲ್ಲಿ ಸಲ್ಲಬೇಕು. ಸಲ್ಲುವ ತನಕ ಕಾಯಕವೂ ಪೂರ್ತಿಯಾಗದು. ಅಲ್ಲಿ ಹುಟ್ಟಿನಿಂದ ಬಂದ ಋಣವಿಲ್ಲ, ದುಡಿಮೆಯಿಂದ ಬಂದ ಹೊಣೆಯಿದೆ. ಯಾವ ಜಾತಿಯವನು ಕಲಿಯಬಹುದು ಎಂಬ ಪ್ರಶ್ನೆಯೂ ಅದರೊಂದಿಗೆ ಬಿದ್ದುಹೋಯಿತು. ಕಲ್ಯಾಣದ ಕ್ರಾಂತಿಯ ನಂತರ ಊರು ಬಿಟ್ಟ ಶರಣರಲ್ಲಿ ಬಸವಣ್ಣನವರ ಅಕ್ಕ ನಾಗಮ್ಮ ತರೀಕೆರೆ ಬಳಿಯ ಎಣ್ಣೆಹೊಳೆಯಲ್ಲಿ ಲಿಂಗೈಕ್ಯರಾದರೆಂದು ಪ್ರತೀತಿ. ವಚನದ ಕಟ್ಟುಗಳು ಉಳಿದದ್ದು ಹೊತ್ತುಕೊಂಡು ಓಡಿದವರಿಂದ. ಇದ್ದಲ್ಲೇ ಇದ್ದಿದ್ದರೆ ಅವು ಕಲ್ಯಾಣದಲ್ಲೇ ಬೂದಿಯಾಗುತ್ತಿದ್ದವು.

ಅಜ್ಜಂಪುರ, ತರೀಕೆರೆ ಕಡೆ ಬಹಳ ಭಕ್ತರಿರುವ ಸಿರಿಗೆರೆಯ ತರಳಬಾಳು ಮಠದ ಈಗಿನ ಹಿರಿಯರಾದ ಶಿವಮೂರ್ತಿ ಶಿವಾಚಾರ್ಯರು ಕಾಶಿಯಲ್ಲಿ ಸಂಸ್ಕೃತದಲ್ಲಿ ಡಾಕ್ಟರೇಟ್ ಪಡೆದು, ಆಸ್ಟ್ರಿಯಾದ ವಿಯೆನ್ನಾದಲ್ಲಿ ಸಂಶೋಧನೆ ನಡೆಸಿ, 1979ರಲ್ಲಿ ಪೀಠಕ್ಕೆ ಬಂದರು. ಪಾಣಿನಿಯ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿದ ಗಣಕಾಷ್ಟಾಧ್ಯಾಯಿ ಅವರ ಕೆಲಸ. ಉಡುಪಿಯಲ್ಲಿ ಕಡಲು ದಾಟಿದ್ದು ವಿವಾದವಾದ ಕಾಲದಲ್ಲೇ ಇಲ್ಲಿ ಅದು ಪೀಠಾಧಿಪತಿಯ ವಿದ್ವತ್ತಿನ ಗುರುತಾಗಿತ್ತು. ಎರಡು ಮತಗಳ ನಡುವಿನ ಈ ಅಂತರ ಶಾಸ್ತ್ರವನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದರ ಅಂತರವೂ ಹೌದು.

ಮರಳಿದವರು ಮಾತ್ರವೇ ಋಣ ತೀರಿಸಿದರು ಎನ್ನುವ ಹಾಗಿಲ್ಲ. ಕನ್ನಡದ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ನೆರೆಯ ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು, ಮೈಸೂರಿಗೆ ಮರಳಿ ಪಾಠ ಹೇಳಿದರು. ‘ಸಂಸ್ಕಾರ’ವನ್ನು ಅವರು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಕನ್ನಡದಲ್ಲಿ. ಆಚಾರ ಮುರಿದು ಸತ್ತವನ ಶವಸಂಸ್ಕಾರ ಯಾರು ಮಾಡಬೇಕೆಂಬುದೇ ಆ ಕಾದಂಬರಿಯ ತೊಡಕು. ಗಣಿತಜ್ಞ ರಾಮಾನುಜನ್ನರ ಅಂತ್ಯಕ್ರಿಯೆಯ ದಿನ ಎದ್ದದ್ದೂ ಅದೇ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾಕ್ಕೆ ಹೋದವರು ಷಿಕಾಗೋದಲ್ಲೇ ಪ್ರಾಧ್ಯಾಪಕರಾಗಿ ನಿಂತರು. ಅಲ್ಲಿದ್ದುಕೊಂಡೇ ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಪ್ರಕಟಿಸಿದರು, 1976ರಲ್ಲಿ ‘ಸಂಸ್ಕಾರ’ವನ್ನು ತಂದರು. 1993ರಲ್ಲಿ ಅವರು ತೀರಿಕೊಂಡದ್ದು ಷಿಕಾಗೋದಲ್ಲಿ. ‘ಸಂಸ್ಕಾರ’ವನ್ನು ಇಂಗ್ಲಿಷಿನಲ್ಲಿ ಓದುವವರು ಇಂದಿಗೂ ಓದುತ್ತಿರುವುದು ಆ ಮರಳದವರ ಅನುವಾದವನ್ನೇ.